ಪೇಟೆ ನೋಡಬೇಕಾದರೆ ಕತ್ತು ಮೇಲೆತ್ತಿ

ಹಳೆಯ ಬೆಂಗಳೂರು ನೋಡಬೇಕು ಎಂದು ಬರುವವರು ಮೊದಲು ಕೇಳುವುದೇ ‘ಯಾವ ಕಟ್ಟಡಕ್ಕೆ ಹೋಗೋಣ?’ ಎಂದು. ಹಳೆಯ ಕಟ್ಟಡಗಳ ದುರಸ್ತಿಯೇ ನನ್ನ ಕಸುಬು. ಆದರೂ ಪೇಟೆಯ ಮಟ್ಟಿಗೆ ನನ್ನ ಸಲಹೆ, ಮೊದಲು ಬೀದಿ ನೋಡಿ. 1537ರಲ್ಲಿ ಕೆಂಪೇಗೌಡರು ಮಣ್ಣಿನ ಕೋಟೆ ಕಟ್ಟಿಸಿ ಊರು ಮಾಡಿದಾಗಿನ ದೊಡ್ಡಪೇಟೆ, ಚಿಕ್ಕಪೇಟೆ ಬೀದಿಗಳು ಇಂದಿಗೂ ಅದೇ ಜಾಗದಲ್ಲಿ ಒಂದನ್ನೊಂದು ದಾಟುತ್ತವೆ. ದೊಡ್ಡಪೇಟೆಯೇ ಈಗಿನ ಅವೆನ್ಯೂ ರಸ್ತೆ. ಈ ಚೌಕದಿಂದ ನಾಲ್ಕು ದಿಕ್ಕಿಗೂ ಎತ್ತು ಹೂಡಿ ನೇಗಿಲು ಹೊಡೆಸಿದರು ಎಂಬುದು ಐತಿಹ್ಯ. ದಾಖಲೆ ಕೇಳಬೇಡಿ.

ಚಿಕ್ಕಪೇಟೆ ಮೆಟ್ರೊದಲ್ಲಿ ಇಳಿದು ನಡೆಯಿರಿ, ಕಾರಿನ ಯೋಚನೆಯೇ ಬೇಡ. ಕೆಳಗೆ ಸೀರೆ ಅಂಗಡಿಗಳ ಬೋರ್ಡು, ದೀಪ, ಗದ್ದಲ. ಬೋರ್ಡಿನ ಮೇಲಕ್ಕೆ ಕಣ್ಣು ಹಾಯಿಸಿದರೆ ಮರದ ಕಟಾಂಜನ, ಸುಣ್ಣದ ಗಾರೆಯ ಹೂಬಳ್ಳಿ ಅಲ್ಲಲ್ಲಿ ಉಳಿದಿರುವುದು ಕಾಣುತ್ತದೆ. ಬೀದಿಗೆ ತೆರೆದ ಮುಖಕ್ಕೆ ಬೆಲೆ ಹೆಚ್ಚು; ಹಾಗಾಗಿ ನಿವೇಶನಗಳು ಅಗಲಕ್ಕಿಂತ ಉದ್ದ. ಮುಂದೆ ಅಂಗಡಿ, ಹಿಂದೆ ಮತ್ತು ಮೇಲೆ ಮನೆ, ಗಾಳಿ ಬೆಳಕಿಗೆ ನಡುವೆ ತೊಟ್ಟಿ. ಅವಕಾಶ ಸಿಕ್ಕರೆ ಒಳಗಿನ ಮಾಳಿಗೆಯನ್ನು ಗಮನಿಸಿ: ತೇಗದ ತೊಲೆಗಳ ಮೇಲೆ ತೆಳು ಇಟ್ಟಿಗೆಯನ್ನು ಓರೆಯಾಗಿ, ನಿಲುವಾಗಿ ಜೋಡಿಸಿ ಸುಣ್ಣದ ಗಾರೆ ಹಾಕಿದ ಮದ್ರಾಸ್ ತಾರಸಿ. ಸೋರುತ್ತದೆಂದು ಇದರ ಮೇಲೆ ಸಿಮೆಂಟ್ ಬಳಿಯುವವರಿದ್ದಾರೆ. ಒಳಗೆ ಸಿಕ್ಕ ತೇವ ಹೊರಗೆ ಹೋಗದೆ ತೊಲೆಯೇ ಕೊಳೆಯುತ್ತದೆ.

ಅವೆನ್ಯೂ ರಸ್ತೆಯಲ್ಲಿ ಪಠ್ಯಪುಸ್ತಕ ಕೊಳ್ಳುವವರ ಗುಂಪಿನ ನಡುವೆಯೇ ರೈಸ್ ಸ್ಮಾರಕ ಚರ್ಚ್ ಸಿಗುತ್ತದೆ. ಶಾಸನತಜ್ಞ ಬಿ.ಎಲ್. ರೈಸ್ ಅವರ ತಂದೆಯ ಹೆಸರಿನದು. ವಾದ್ಯ ಬೇಕಿದ್ದವರು ಬಳೇಪೇಟೆಗೆ ತಿರುಗಬಹುದು. ದಕ್ಷಿಣಕ್ಕೆ ಬಂದರೆ ಕೆ.ಆರ್. ಮಾರುಕಟ್ಟೆ, ಹೂವಿನ ವ್ಯಾಪಾರ ನೋಡುವುದಾದರೆ ಬೆಳಗಿನ ಜಾವವೇ ಸರಿ.

ಅದರ ಪಕ್ಕದಲ್ಲೇ ಕೋಟೆ. 1687ರಲ್ಲಿ ಮೊಘಲರ ವಶವಾದ ಊರನ್ನು ಚಿಕ್ಕದೇವರಾಜ ಒಡೆಯರು 3 ಲಕ್ಷ ರೂಪಾಯಿಗೆ ಪಡೆದು, ಪೇಟೆಯ ದಕ್ಷಿಣಕ್ಕೆ ಹೊಸ ಕೋಟೆ ಕಟ್ಟಿಸಿದರು. ಅದನ್ನು ಕಲ್ಲಿನದಾಗಿಸಿದವನು ಹೈದರ್ ಅಲಿ. ಉಳಿದಿರುವುದು ದೆಹಲಿ ಬಾಗಿಲಿನ ಸುತ್ತಲಿನ ತುಣುಕು ಮಾತ್ರ. ಬ್ರಿಟಿಷರು ಗೋಡೆ ಒಡೆದು ನುಗ್ಗಿದ್ದನ್ನು ಹೇಳುವ ಫಲಕವೂ ಇದೆ, 1791ರ ಮಾರ್ಚ್ 21ರದು. ಪೇಟೆ ಅದಕ್ಕೆ ಎರಡು ವಾರ ಮೊದಲೇ, ಮಾರ್ಚ್ 7ರಂದು, ಅವರ ಕೈಸೇರಿತ್ತು. ಕೋಟೆಗೆ ಬಂದವರು ಟಿಪ್ಪುವಿನ ಬೇಸಿಗೆ ಅರಮನೆ ಬಿಡಬೇಡಿ. ನೆಲಮಹಡಿಯ ತೇಗದ ಕಂಬಗಳು ಕಲ್ಲಿನ ಪೀಠದ ಮೇಲೆ ನಿಂತಿವೆ. ಮರ ನೆಲದ ತೇವಕ್ಕೆ ಸಿಗದಂತೆ ಮಾಡಿದ ಉಪಾಯ. ಆ ಅರಮನೆಗೆ ಹೊಂದಿಕೊಂಡೇ ಕೋಟೆ ವೆಂಕಟರಮಣ ದೇವಸ್ಥಾನವಿದೆ.

ಒಂದೇ ಸಲ ಬರುವುದಾದರೆ ಚೈತ್ರ ಹುಣ್ಣಿಮೆಗೆ ಬನ್ನಿ. ತಿಗಳರಪೇಟೆಯ ಧರ್ಮರಾಯ ಸ್ವಾಮಿ ಗುಡಿಯಿಂದ ನಡುರಾತ್ರಿಯಲ್ಲಿ ಹೊರಡುವ ಕರಗ ಇವೇ ಬೀದಿಗಳನ್ನು ಸುತ್ತಿ, ಅರಳೇಪೇಟೆಯ ಮಸ್ತಾನ್ ಸಾಹೇಬ್ ದರ್ಗಾಕ್ಕೂ ಹೋಗುತ್ತದೆ. ಜನ ಕಿಕ್ಕಿರಿಯುತ್ತಾರೆ. ಮಕ್ಕಳಿದ್ದರೆ ಗುಡಿಯ ಬಾಗಿಲ ಬಳಿ ನಿಲ್ಲುವ ಬದಲು ದಾರಿಯಲ್ಲೆಲ್ಲಾದರೂ ಜಗಲಿ ಹಿಡಿಯುವುದು ಒಳ್ಳೆಯದು.