ಇಸಿಜಿ ನಾರ್ಮಲ್, ಎದೆ ಮಾತ್ರ ಡವಡವ

"ಆರು ವರ್ಷದಿಂದ ಗ್ಯಾಸ್ಟ್ರಿಕ್ ಮಾತ್ರೆ ನುಂಗ್ತಾ ಇದ್ದೀನಿ ಡಾಕ್ಟ್ರೇ" ಎಂದರು ಆ ಟೀಚರ್. ವಯಸ್ಸು 34. ಬಗ್ಗಿ ಚಾಕ್‌ಪೀಸ್ ಎತ್ತಿಕೊಂಡಾಗ ಕೆಲವೊಮ್ಮೆ ಸ್ವಿಚ್ ಹಾಕಿದ ಹಾಗೆ ಎದೆ ಓಡತೊಡಗುತ್ತದೆ. ಅರ್ಧ ಗಂಟೆ ಓಡಿ ತಟ್ಟನೆ ನಿಲ್ಲುತ್ತದೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಇಸಿಜಿ ನಾರ್ಮಲ್. ಸುಮ್ನೆ ಟೆನ್ಷನ್ ಅಂತ ಹೇಳಿ ಕಳಿಸುತ್ತಾರೆ.

ನಾನು ಎರಡು ಪ್ರಶ್ನೆ ಕೇಳಿದೆ. ಆಗ ಕುತ್ತಿಗೆಯಲ್ಲಿ ಪಟಪಟ ಬಡಿಯುತ್ತಾ? ಓಟ ನಿಂತ ಮೇಲೆ ಜಾಸ್ತಿ ಮೂತ್ರಕ್ಕೆ ಹೋಗುತ್ತಾ? ಎರಡಕ್ಕೂ ಹೌದು. "ಅದನ್ನೂ ಹೇಳಬೇಕಿತ್ತಾ?" ಎಂದು ನಾಚಿಕೊಂಡರು. ನನಗೆ ಎಸ್‌ವಿಟಿ, ಅಂದರೆ ಹೃದಯದ ಕರೆಂಟ್ ದಾರಿ ತಪ್ಪಿ ಎದೆ ಇದ್ದಕ್ಕಿದ್ದಂತೆ ಓಡುವ ತೊಂದರೆಯ ಅನುಮಾನ ಗಟ್ಟಿಯಾಯಿತು.

ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಕರೆಂಟ್ ಇಳಿಯುವುದು ಎವಿ ನೋಡ್ ಎಂಬ ಗೇಟಿನ ಮೂಲಕ. ಕೆಲವರಿಗೆ ಅಲ್ಲಿ ಎರಡು ದಾರಿ ಇರುತ್ತವೆ, ಒಂದು ವೇಗದ್ದು, ಒಂದು ನಿಧಾನದ್ದು. ಒಂದರಲ್ಲಿ ಇಳಿದ ಕರೆಂಟ್ ಇನ್ನೊಂದರಲ್ಲಿ ಹತ್ತಿ ಅಲ್ಲೇ ಗಿರಗಿರ ಸುತ್ತಿದರೆ ನಾಡಿ ನಿಮಿಷಕ್ಕೆ 180 ದಾಟಬಹುದು.

ಇದನ್ನು ನಿಲ್ಲಿಸುವ ಸರಳ ಉಪಾಯವೊಂದಿದೆ. ಒರಗಿ ಕೂತು, 10 ಎಂಎಲ್ ಸಿರಿಂಜಿನ ತುದಿಗೆ ಬಾಯಿಟ್ಟು, ಒಳಗಿನ ದಂಡ ಅಲುಗುವಷ್ಟು ಜೋರಾಗಿ 15 ಸೆಕೆಂಡ್ ಊದಬೇಕು. ತಕ್ಷಣ ಅಂಗಾತ ಮಲಗಿಸಿ, ಕಾಲುಗಳನ್ನು ಇನ್ನೊಬ್ಬರು 15 ಸೆಕೆಂಡ್ ಎತ್ತಿ ಹಿಡಿಯಬೇಕು. 2015ರಲ್ಲಿ ಬ್ರಿಟನ್‌ನಲ್ಲಿ ನಡೆದ ಅಧ್ಯಯನದಲ್ಲಿ 100ರಲ್ಲಿ 43 ಜನಕ್ಕೆ ಇದು ಫಲಿಸಿತು. ಕಾಲೆತ್ತದೆ ಬರೀ ಊದಿದವರಲ್ಲಿ 17 ಜನಕ್ಕೆ. ತಲೆ ಸುತ್ತಿದರೆ, ಎದೆ ನೋವಿದ್ದರೆ ಈ ಪ್ರಯೋಗ ಬೇಡ, ಸೀದಾ ಆಸ್ಪತ್ರೆಗೆ ಹೋಗಿ.

ಅಲ್ಲಿ ಆ ಗೇಟನ್ನು ಕೆಲವು ಕ್ಷಣ ಮುಚ್ಚಿ ಓಟ ನಿಲ್ಲಿಸುವ ಅಡೆನೊಸಿನ್ ಇಂಜೆಕ್ಷನ್ ಕೊಡುತ್ತಾರೆ. ಕೆಲವು ಸೆಕೆಂಡ್ ಪ್ರಾಣವೇ ಹೋದ ಹಾಗಾಗುತ್ತದೆ, ಮೊದಲೇ ಹೇಳಿಬಿಡುವುದು ಒಳ್ಳೆಯದು. ಮಾನಿಟರ್‌ನಲ್ಲಿ ಗೆರೆ ಸಪಾಟಾಗಿದ್ದನ್ನು ಮೊದಲ ಸಲ ನೋಡಿದಾಗ ನನ್ನ ಎದೆಯೂ ಒಂದು ಬಡಿತ ತಪ್ಪಿತ್ತು! ಆಸ್ತಮಾ ಇದ್ದವರು ಅದನ್ನು ಮುಚ್ಚಿಡಬಾರದು.

ಮತ್ತೆ ಮತ್ತೆ ಬರುವವರಿಗೆ ವರ್ಷಗಟ್ಟಲೆ ಮಾತ್ರೆ ಕೊಡುವುದು ನನಗೆ ಇಷ್ಟವಿಲ್ಲ. ಅಬ್ಲೇಷನ್ ಮಾಡಿಸಬಹುದಲ್ವಾ? ತೊಡೆ ಸಂದಿನ ರಕ್ತನಾಳದಿಂದ ತೆಳು ತಂತಿಗಳನ್ನು ಹೃದಯಕ್ಕೆ ಕಳಿಸುತ್ತೇವೆ. ಆ ಓಟವನ್ನು ನಾವೇ ಶುರು ಮಾಡುತ್ತೇವೆ. ಟೀಚರ್ ಟೇಬಲ್ ಮೇಲಿಂದಲೇ "ಇದೇ, ಇದೇ ಡಾಕ್ಟ್ರೇ!" ಎಂದು ಕೂಗಿದರು. ಆರು ವರ್ಷದಲ್ಲಿ ಮೊದಲ ಸಲ ಅವರ ಮಾತಿಗೆ ಸಾಕ್ಷಿ ಸಿಕ್ಕಿತ್ತು. ಆಮೇಲೆ ನಿಧಾನದ ದಾರಿಯನ್ನು ಬಿಸಿ ಮುಟ್ಟಿಸಿ ಸುಟ್ಟೆವು. ಈ ಬಗೆಯ ಎಸ್‌ವಿಟಿಯಲ್ಲಿ 100ಕ್ಕೆ 95ಕ್ಕಿಂತ ಹೆಚ್ಚು ಜನಕ್ಕೆ ಗುಣವಾಗುತ್ತದೆ. ಗೇಟಿಗೇ ಪೆಟ್ಟಾಗಿ ಪೇಸ್‌ಮೇಕರ್ ಹಾಕಬೇಕಾಗುವ ಸಾಧ್ಯತೆ ಸುಮಾರು 100ಕ್ಕೆ ಒಂದು ಅಥವಾ ಅದಕ್ಕೂ ಕಡಿಮೆ. ಇದನ್ನು ಸಹಿ ಹಾಕುವ ಮೊದಲೇ ಕೇಳಿ ತಿಳಿದುಕೊಳ್ಳಿ.

ವಯಸ್ಸಾದವರ ನಾಡಿ ತಾಳ ತಪ್ಪಿ ಓಡುವುದು ಬೇರೆ ಕಥೆ. ಅದು ಎಟ್ರಿಯಲ್ ಫಿಬ್ರಿಲೇಷನ್, ಅಂದರೆ ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಬಡಿಯದೆ ಬರೀ ಅದುರುವ ತೊಂದರೆ ಇರಬಹುದು. ಅಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಹೊಡೆಯುವ ಭಯವೇ ದೊಡ್ಡದು, ರಕ್ತ ತೆಳು ಮಾಡುವ ಮಾತ್ರೆಯನ್ನು ತಾವಾಗೇ ನಿಲ್ಲಿಸಬಾರದು.

ಎದೆ ಓಡುತ್ತಿರುವಾಗಲೇ ಹತ್ತಿರದ ಯಾವ ಕ್ಲಿನಿಕ್ಕಾದರೂ ಸರಿ, ಒಂದು ಇಸಿಜಿ ತೆಗೆಸಿ. ಮೊಬೈಲ್‌ನಲ್ಲಿ ಫೋಟೋ ಹೊಡೆದಿಟ್ಟುಕೊಳ್ಳಿ. ಆ ಕಾಗದದ ಗೆರೆ ವರ್ಷ ಕಳೆದಂತೆ ಮಾಸಿಹೋಗುತ್ತದೆ.