ಔಷಧ ಬಿಡುಗಡೆ

ನುಂಗಿದ ಮಾತ್ರೆಯಿಂದ ಮದ್ದು ಹೊರಬಂದು ಹೊಟ್ಟೆಯಲ್ಲೋ ಕರುಳಲ್ಲೋ ಕರಗುವುದನ್ನು ಔಷಧ ಬಿಡುಗಡೆ ಎನ್ನುತ್ತಾರೆ. ರಕ್ತಕ್ಕೆ ಸೇರುವುದು ಅದರ ನಂತರದ ಮಾತು. ಬಿಡುಗಡೆಯೇ ಸರಿಯಾಗಿ ಆಗದಿದ್ದರೆ ಸ್ಟ್ರಿಪ್ ಮೇಲೆ 500 ಮಿಲಿಗ್ರಾಂ ಎಂದಿದ್ದೂ ಪ್ರಯೋಜನವಿಲ್ಲ.

ಮಾತ್ರೆಯಲ್ಲಿ ಮದ್ದಿನ ಜೊತೆ ಬೇರೆ ಪದಾರ್ಥಗಳೂ ಇರುತ್ತವೆ. ಪಿಷ್ಟ, ಕ್ರಾಸ್‌ಕಾರ್ಮೆಲೋಸ್‌ನಂಥವು ನೀರು ಹೀರಿ ಉಬ್ಬಿ ಮಾತ್ರೆಯನ್ನು ಒಡೆಯುತ್ತವೆ. ಪುಡಿ ಅಚ್ಚಿಗೆ ಅಂಟದಿರಲೆಂದು ಹಾಕುವ ಮೆಗ್ನೀಸಿಯಂ ಸ್ಟಿಯರೇಟ್ ಜಿಡ್ಡಿನ ಗುಣದ್ದು, ಹೆಚ್ಚಾದರೆ ಮದ್ದು ಕರಗುವುದು ತಡವಾಗುತ್ತದೆ. ಇವನ್ನೆಲ್ಲ ‘ನಿಷ್ಕ್ರಿಯ’ ಎಂದು ಕರೆಯುವುದು ನನಗೆ ಒಪ್ಪಿಗೆಯಿಲ್ಲ. 1968ರ ಸುಮಾರಿಗೆ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಮೂರ್ಛೆರೋಗಕ್ಕೆ ಫೆನಿಟಾಯಿನ್ ತೆಗೆದುಕೊಳ್ಳುತ್ತಿದ್ದವರಲ್ಲಿ, ಡೋಸ್ ಬದಲಾಗದಿದ್ದರೂ, ಮದ್ದು ಮಿತಿಮೀರಿದ ಲಕ್ಷಣಗಳು ಕಂಡವು. ಕ್ಯಾಪ್ಸೂಲಿಗೆ ತುಂಬುತ್ತಿದ್ದ ಕ್ಯಾಲ್ಸಿಯಂ ಸಲ್ಫೇಟ್ ಬದಲು ಲ್ಯಾಕ್ಟೋಸ್ ಬಂದಿತ್ತು, ಅಷ್ಟೇ; ಅದರಿಂದ ಮದ್ದು ರಕ್ತಕ್ಕೆ ಹೆಚ್ಚು ಸೇರಿತ್ತು. ಮಾತ್ರೆಗೂ ಇದೇ ನ್ಯಾಯ.

ಇನ್ನು ಊಟ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಎಸ್‌ಆರ್ (ಮದ್ದನ್ನು ನಿಧಾನವಾಗಿ ಬಿಡುವ) ಮಾತ್ರೆಗಳನ್ನೇ ನೋಡಿ. ಇವುಗಳಲ್ಲಿ ಹಲವಕ್ಕೆ ಎಚ್‌ಪಿಎಂಸಿ ಎಂಬ ಸೆಲ್ಯುಲೋಸ್ ಪದಾರ್ಥ ಹಾಕಿರುತ್ತಾರೆ. ಅಂಥ ಮಾತ್ರೆಯನ್ನು ನೀರಿಗೆ ಹಾಕಿದರೆ ಪುಡಿಯಾಗುವುದಿಲ್ಲ. ಹೊರಗೆಲ್ಲ ಲೋಳೆಯಾಗುತ್ತದೆ, ನಡುಭಾಗ ಗಟ್ಟಿಯಾಗಿಯೇ ಇರುತ್ತದೆ. ಆ ಲೋಳೆಯ ಮೂಲಕ ಮದ್ದು ಗಂಟೆಗಟ್ಟಲೆ ಸ್ವಲ್ಪಸ್ವಲ್ಪವೇ ಹೊರಬರಬೇಕು. ಆದರೆ ಮೆಟ್‌ಫಾರ್ಮಿನ್ ಹೀರಿಕೆಯಾಗುವುದು ಮುಖ್ಯವಾಗಿ ಸಣ್ಣ ಕರುಳಿನ ಮೇಲ್ಭಾಗದಲ್ಲಿ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಮಾತ್ರೆ ಬೇಗ ಆ ಜಾಗ ದಾಟಿಹೋಗುತ್ತದೆ, ಆಮೇಲೆ ಬಿಡುಗಡೆಯಾದದ್ದು ಹೆಚ್ಚಾಗಿ ವ್ಯರ್ಥ. ಹೊಟ್ಟೆಯಲ್ಲಿ ಅನ್ನವಿದ್ದರೆ ಮಾತ್ರೆಯೂ ಅಲ್ಲೇ ತಂಗುತ್ತದೆ. ಹೀರಿಕೆ ಸುಮಾರು ಶೇ. 50ರಷ್ಟು ಹೆಚ್ಚುತ್ತದೆ. ಡಾಕ್ಟರು ‘ರಾತ್ರಿ ಊಟದ ಜೊತೆ’ ಎಂದು ಬರೆಯುವುದು ಇದಕ್ಕೇ. ಮಲದಲ್ಲಿ ಮಾತ್ರೆಯಂಥ ಮೆತ್ತನೆಯ ಮುದ್ದೆ ಕಂಡು ಕೆಲವರು ಗಾಬರಿಯಾಗುತ್ತಾರೆ. ಮದ್ದು ಹೊರಬಂದ ಮೇಲೆ ಉಳಿದ ಚಿಪ್ಪು ಅದು, ಹೆದರಬೇಕಿಲ್ಲ.

ಎಲ್ಲ ಮಾತ್ರೆಗೂ ಊಟ ಒಳ್ಳೆಯದೆಂದಲ್ಲ. ಆಸಿಡಿಟಿಗೆ ಕೊಡುವ ಪ್ಯಾಂಟೊಪ್ರಜೋಲ್‌ನ ಹೊದಿಕೆ ಹೊಟ್ಟೆಯ ಆಮ್ಲದಲ್ಲಿ ಕರಗದೆ ಕರುಳಿನಲ್ಲಿ ಕರಗುವಂಥದ್ದು, ಊಟವಾದ ಮೇಲೆ ನುಂಗಿದರೆ ಕರುಳು ತಲುಪುವುದೇ ತಡ. ಉಬ್ಬಸಕ್ಕೆ ದಿನಕ್ಕೊಮ್ಮೆ ಕೊಡುತ್ತಿದ್ದ ಕೆಲವು ಥಿಯೋಫಿಲಿನ್ ಮದ್ದುಗಳಂತೂ ಎಣ್ಣೆ-ತುಪ್ಪ ಜಾಸ್ತಿಯಿದ್ದ ಊಟದ ಜೊತೆ ಸೇರಿ ಇಡೀ ದಿನದ ಪ್ರಮಾಣವನ್ನು ಕೆಲವೇ ಗಂಟೆಗಳಲ್ಲಿ ಸುರಿದುಬಿಡುತ್ತಿದ್ದವು. ಇದಕ್ಕೆ ಡೋಸ್ ಡಂಪಿಂಗ್ ಎನ್ನುತ್ತಾರೆ. ನುಂಗಲಾರದ ಹಿರಿಯರಿಗೆಂದು ಮನೆಯಲ್ಲಿ ಎಸ್‌ಆರ್, ಇಆರ್, ಎಕ್ಸ್‌ಆರ್ ಎಂದು ಬರೆದಿರುವ, ನಿಧಾನವಾಗಿ ಮದ್ದು ಬಿಡುವ ಮಾತ್ರೆಯನ್ನು ಕುಟ್ಟಿ ಪುಡಿ ಮಾಡಿ ಕೊಟ್ಟರೂ ಆಗುವುದು ಇದೇ. ಅಂಥವರಿಗೆ ಸಿರಪ್ ಸಿಗುತ್ತದೆಯೇ, ಬೇರೆ ಮಾತ್ರೆ ಇದೆಯೇ ಎಂದು ಡಾಕ್ಟರನ್ನೋ ಫಾರ್ಮಸಿಸ್ಟನ್ನೋ ಮೊದಲೇ ಕೇಳಿ.