ಮಿಲಿಲೀಟರ್ ಗೆರೆ ನೋಡಿ ಗ್ರಾಂ ಲೆಕ್ಕ ಹಾಕಬೇಡಿ

“ಒಂದು ಕಪ್ ಅಂದರೆ ಎಷ್ಟು ಗ್ರಾಂ?” ಯಾವ ಪದಾರ್ಥ ಅಂತ ಹೇಳದೆ ಕೇಳಿದರೆ ಇದಕ್ಕೆ ಉತ್ತರವೇ ಇಲ್ಲ. 240 ಮಿ.ಲೀ. ಕಪ್ಪಿಗೆ ಸಕ್ಕರೆ ಸುಮಾರು 200 ಗ್ರಾಂ ಹಿಡಿಯುತ್ತದೆ, ಮೈದಾ 120ರಿಂದ 130, ಎಣ್ಣೆ 220, ಜೇನುತುಪ್ಪ 340. ನೀರು ಮಾತ್ರ 240ಕ್ಕೆ 240.

ಆದರೂ ಅಳತೆ ಜಗ್ಗಿನ 250ರ ಗೆರೆವರೆಗೆ ಮೈದಾ ತುಂಬಿ “250 ಗ್ರಾಂ ಹಾಕಿದೀನಿ” ಅನ್ನುವವರು ಕಡಿಮೆಯಾಗಿಲ್ಲ. ಆ ಗೆರೆ ಮಿಲಿಲೀಟರಿನದು. ಅಲ್ಲಿ ನಿಂತ ಮೈದಾ ಸುಮಾರು 130 ಗ್ರಾಂ. ಅದೇ ಗೆರೆಗೆ ತುಂಬಿದ ಸಕ್ಕರೆ 210 ಗ್ರಾಂ. ಎರಡೂ ಸಮತೂಕ ಇರಬೇಕಾದ ಕೇಕಿನಲ್ಲಿ ಹಿಟ್ಟಿನ ಬಲ ಸಾಲದೆ, ಉಬ್ಬಿದ್ದು ನಡುವೆ ಕುಸಿಯುತ್ತದೆ. ಬೈಗುಳ ಮಾತ್ರ ಓವನ್ನಿಗೆ. ಅನುಮಾನವಿದ್ದರೆ ಎಣ್ಣೆ ಪ್ಯಾಕೆಟ್ ತಿರುಗಿಸಿ ನೋಡಿ: 1 ಲೀಟರ್ ಅಂತ ಇರುವ ಕಡೆಯೇ ಸಾಮಾನ್ಯವಾಗಿ 910 ಗ್ರಾಂ ಅಂತಲೂ ಅಚ್ಚಾಗಿರುತ್ತದೆ.

ಮೈಸೂರು ಪಾಕಿನಲ್ಲಿ ಈ ಎಡವಟ್ಟು ಇನ್ನೂ ದುಬಾರಿ. ಎಷ್ಟೋ ಮನೆಗಳ ಲೆಕ್ಕ ಒಂದು ಬಟ್ಟಲು ಕಡಲೆಹಿಟ್ಟು, ಎರಡು ಬಟ್ಟಲು ಸಕ್ಕರೆ, ಎರಡು ಬಟ್ಟಲು ತುಪ್ಪ. ಅದು ಬಟ್ಟಲಿನ ಲೆಕ್ಕ, ತಕ್ಕಡಿಯದಲ್ಲ. ಜರಡಿ ಹಿಡಿದ ಕಡಲೆಹಿಟ್ಟು ಬಟ್ಟಲಿಗೆ ಸುಮಾರು 100 ಗ್ರಾಂ. ಎರಡು ಬಟ್ಟಲು ಸಕ್ಕರೆ 400 ಗ್ರಾಂ, ತುಪ್ಪ 430ರ ಆಸುಪಾಸು. ತೂಕದಲ್ಲಿ ಅದು ಒಂದಕ್ಕೆ ನಾಲ್ಕು! “ಒಂದಕ್ಕೆ ಎರಡು ತಾನೆ” ಅಂತ 100 ಗ್ರಾಂ ಹಿಟ್ಟಿಗೆ 200 ಗ್ರಾಂ ಸಕ್ಕರೆ ತೂಗಿದರೆ ಪಾಕ ಅರ್ಧವೇ ಆಯಿತು. ಹಿಟ್ಟು ಸರಿಯಾಗಿ ಕಟ್ಟುವುದಿಲ್ಲ. ಅಜ್ಜಿಯ ಲೆಕ್ಕ ಬಟ್ಟಲಿನಲ್ಲಿದ್ದರೆ ಮೊದಲಿನಿಂದ ಕೊನೆವರೆಗೆ ಅದೇ ಬಟ್ಟಲಿನಲ್ಲಿ ಅಳೆಯಿರಿ, ಗ್ರಾಮಿಗೆ ತರುವ ಅಗತ್ಯವೇ ಇಲ್ಲ. ಇಡ್ಲಿಗೆ ಅಕ್ಕಿ, ಉದ್ದು ನೆನೆಹಾಕುವಾಗ ಈ ತೊಂದರೆ ಅಷ್ಟಾಗಿ ಕಾಣದಿರುವುದಕ್ಕೆ ಕಾರಣ, ಎರಡೂ ಪಾವಿಗೆ ಹೆಚ್ಚುಕಡಿಮೆ ಒಂದೇ ತೂಕ ತೂಗುವುದು.

ತುಂಬುವ ರೀತಿಯೂ ಲೆಕ್ಕಕ್ಕೆ ಬರುತ್ತದೆ. ಡಬ್ಬಿಯಲ್ಲಿ ಕೂತ ಮೈದಾಕ್ಕೆ ಕಪ್ ಅದ್ದಿ ಎತ್ತಿದರೆ 140–150 ಗ್ರಾಂ ಬರಬಹುದು. ಹಿಟ್ಟನ್ನು ಕೆದಕಿ, ಚಮಚದಿಂದ ಹಗುರಾಗಿ ತುಂಬಿ, ಚಾಕುವಿನ ಬೆನ್ನಿನಿಂದ ಸವರಿ. ಕಪ್ ಕುಟ್ಟಬೇಡಿ. ಬೆಲ್ಲಕ್ಕಂತೂ ಕಪ್ಪಿನ ಲೆಕ್ಕವೇ ಬೇಡ. ಪುಡಿಯೋ, ತುರಿದದ್ದೋ, ಉಂಡೆಯೋ ಅನ್ನುವುದರ ಮೇಲೆ ಬದಲಾಗುತ್ತದೆ, ತೂಗಿಯೇ ಹಾಕಿ.

ಕಪ್ಪುಗಳೂ ಒಂದೇ ಅಲ್ಲ: 240 ಇದೆ, 250 ಇದೆ, ರೈಸ್ ಕುಕ್ಕರಿನ ಜೊತೆ ಬರುವುದು ಸಾಮಾನ್ಯವಾಗಿ 180. ನಿಮ್ಮ ಲೋಟ ಎಷ್ಟರದು ಅಂತ ತಿಳಿಯಬೇಕೆ? ಖಾಲಿ ಲೋಟವನ್ನು ಡಿಜಿಟಲ್ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ಅಂಚಿನವರೆಗೆ ನೀರು ತುಂಬಿ. ಕಂಡ ಗ್ರಾಂ ಎಷ್ಟೋ ಮಿ.ಲೀ. ಅಷ್ಟೇ. ಒರೆಸಿ ಒಣಗಿಸಿ, ನೀವು ಬಳಸುವ ರವೆ, ಮೈದಾ, ಸಕ್ಕರೆಯನ್ನು ಒಂದೊಂದಾಗಿ ತೂಗಿ ಬರೆದಿಡಿ. ಬ್ರ್ಯಾಂಡ್ ಬದಲಾದರೆ ಇನ್ನೊಮ್ಮೆ ತೂಗಿ. ಯಾರದೋ ಪಟ್ಟಿಗಿಂತ ಅದೇ ನಿಮಗೆ ನಂಬಿಕೆಯದು.

ಯೀಸ್ಟ್, ಸೋಡಾಗಳಿಗೆ ಮಾತ್ರ ಚಮಚವೇ ವಾಸಿ. ಒಂದು ಟೀ ಚಮಚ ಅಂದರೆ 5 ಮಿ.ಲೀ.; ಇನ್‌ಸ್ಟಂಟ್ ಯೀಸ್ಟ್ ಸುಮಾರು 3 ಗ್ರಾಂ ಹಿಡಿಯುತ್ತದೆ. 5 ಕೆ.ಜಿ.ವರೆಗಿನ ಅಡುಗೆಮನೆ ತಕ್ಕಡಿ 2–3 ಗ್ರಾಮನ್ನು ಸರಿಯಾಗಿ ಹಿಡಿಯದೆ ಇರಬಹುದು.